ಗುಡ್ಡ ಉಳಿಸಿದ ದೇಶ, ಕಡಲು ತುಂಬಿದ ದೇಶ

ಕೇಳುಗರಿಗೆ ನಮಸ್ಕಾರ.

ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದಲ್ಲಿ 115 ದ್ವೀಪಗಳಿವೆ. ಎಲ್ಲವನ್ನೂ ಕೂಡಿಸಿದರೂ ನೆಲ ಸುಮಾರು 455 ಚದರ ಕಿಲೋಮೀಟರ್. ಬೆಂಗಳೂರು ನಗರವೇ ಅದಕ್ಕಿಂತ ದೊಡ್ಡದು. ಇಷ್ಟು ಪುಟ್ಟ ದೇಶ ತನ್ನ ನೆಲದ ಹತ್ತಿರಹತ್ತಿರ ಅರ್ಧವನ್ನು ಕಾನೂನಿನ ರಕ್ಷಣೆಗೆ ಒಪ್ಪಿಸಿದೆ. ಈ ಲೆಕ್ಕಕ್ಕೆ ಚಪ್ಪಾಳೆ ಬೀಳುತ್ತದೆ, ಬೀಳಲೂಬೇಕು. ಆದರೆ ಉಳಿದರ್ಧದಲ್ಲಿ ಜನ ಎಲ್ಲಿ ಮನೆ ಕಟ್ಟಿಕೊಳ್ಳುತ್ತಾರೆ? ಇವತ್ತು ಆ ಮಾತನ್ನೇ ಎತ್ತಿಕೊಳ್ಳುತ್ತೇನೆ.

ಲಕ್ಷ ದಾಟಿದ ಜನಸಂಖ್ಯೆಯಲ್ಲಿ ಬಹುಪಾಲು ಮಂದಿ ಇರುವುದು ಮಾಹೆ ಎಂಬ ಒಂದೇ ದ್ವೀಪದಲ್ಲಿ. ನಮ್ಮ ಮಲಬಾರ್ ಕರಾವಳಿಯ ಮಾಹೆಯಲ್ಲ, ಅದು ಬೇರೆ. ಈ ಮಾಹೆ ಕಡಲೊಳಗಿಂದ ನೇರ ಎದ್ದ ಗ್ರಾನೈಟ್ ಬೆಟ್ಟ. ಅದರ ತುದಿ 905 ಮೀಟರ್ ಎತ್ತರ. ದ್ವೀಪದ ಐದರಲ್ಲೊಂದು ಪಾಲು 1979ರಿಂದ ರಾಷ್ಟ್ರೀಯ ಉದ್ಯಾನ. ಸಪಾಟು ನೆಲವೆಂದರೆ ದಡದಗುಂಟ ಇರುವ ಕಿರಿದಾದ ಪಟ್ಟಿ ಮಾತ್ರ. ರಸ್ತೆ, ಶಾಲೆ, ಆಸ್ಪತ್ರೆ, ಹೋಟೆಲು, ರಾಜಧಾನಿ ವಿಕ್ಟೋರಿಯಾ, ಎಲ್ಲಕ್ಕೂ ಅದೇ ಪಟ್ಟಿ ಬೇಕು.

ಅಂದಹಾಗೆ, ಆ ಗುಡ್ಡದ ಹಸಿರೆಲ್ಲ ಮೂಲದ ಕಾಡು ಎಂದುಕೊಳ್ಳಬೇಡಿ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರು ತಂದ ದಾಲ್ಚಿನ್ನಿ, ಮರ ಕಡಿದು ಬೋಳಾದ ಇಳಿಜಾರುಗಳಿಗೆ ಹಕ್ಕಿಗಳ ಮೂಲಕ ಹಬ್ಬಿಕೊಂಡಿತು. ಈಗ ಅದನ್ನು ಒಮ್ಮೆಗೇ ಕಿತ್ತರೆ ಮಣ್ಣು ಜಾರುತ್ತದೆ, ಹಾಗೇ ಬಿಟ್ಟರೆ ನಾಡಗಿಡ ತಲೆಯೆತ್ತುವುದು ಕಷ್ಟ. ಸಂರಕ್ಷಣೆ ಎಂದರೆ ಬೇಲಿ ಹಾಕಿ ಸುಮ್ಮನಿರುವ ಕೆಲಸವಲ್ಲ ಎಂದು ಅಲ್ಲಿನ ಅರಣ್ಯದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಮೇಲೆ ಗುಡ್ಡ, ಕೆಳಗೆ ನೀರು. ಜಾಗ ಸಾಲದೆ ಬಂದಾಗ ದೇಶ ಕಡಲಿನ ಕಡೆಗೆ ತಿರುಗಿತು. 1971ರಲ್ಲಿ ತೆರೆದ ವಿಮಾನ ನಿಲ್ದಾಣದ ಓಡುದಾರಿಯೇ ಪೂರ್ವದಡದಲ್ಲಿ ಹವಳದ ದಿಬ್ಬವನ್ನು ತುಂಬಿ ಮಾಡಿದ್ದು. ಆಮೇಲೆ ಅದೇ ದಡದುದ್ದಕ್ಕೂ ಹೂಳೆತ್ತಿ ಸುರಿದು ಹೊಸ ನೆಲ ಎದ್ದಿತು. ಅದರಲ್ಲಿ ಪರ್ಸಿವಿಯರೆನ್ಸ್ ಎಂಬ ತುಂಡು ಊರಿನವರ ಸರ್ಕಾರಿ ವಸತಿಗೆ ಹೋಯಿತು. ಈಡನ್ ಐಲೆಂಡ್ ಎಂಬ ಇನ್ನೊಂದರಲ್ಲಿ ವಿಹಾರನೌಕೆ ಕಟ್ಟಲು ಜಾಗವಿರುವ ಬಂಗಲೆಗಳು. ಅವನ್ನು ವಿದೇಶಿಯರೂ ಕೊಳ್ಳಬಹುದು. ಒಂದೇ ಕಡಲು, ಎರಡು ಬಗೆಯ ಗಿರಾಕಿ. ಮೊದಲನೆಯದನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲು ಮನಸ್ಸು ಬರುವುದಿಲ್ಲ.

ದೂರದ ದ್ವೀಪಗಳ ಕಥೆ ಬೇರೆ. ಮಾಹೆಯಿಂದ ಸಾವಿರ ಕಿಲೋಮೀಟರ್ ಆಚೆಗಿರುವ ಅಲ್ಡಾಬ್ರಾದಲ್ಲಿ ಲಕ್ಷದಷ್ಟು ದೈತ್ಯ ಆಮೆಗಳಿವೆ. 1960ರ ದಶಕದಲ್ಲಿ ಬ್ರಿಟನ್ ಅಲ್ಲಿ ವಾಯುನೆಲೆ ಕಟ್ಟಲು ಹೊರಟಿತ್ತು. ವಿಜ್ಞಾನಿಗಳು ಗಟ್ಟಿಯಾಗಿ ವಿರೋಧಿಸಿದರು, ನಿಜ. ಆದರೆ ಯೋಜನೆ ಬಿದ್ದದ್ದು 1967ರ ನವೆಂಬರಿನಲ್ಲಿ, ಪೌಂಡಿನ ಬೆಲೆ ಇಳಿಸಿ ಖರ್ಚು ಕಡಿತಗೊಳಿಸಿದ ಹೊತ್ತಿಗೆ. ಆಮೆಗಳಿಗೆ ಖಜಾನೆಯ ಕಷ್ಟವೂ ನೆರವಾಯಿತು ಅನ್ನಿ. 1982ರಲ್ಲಿ ಅಲ್ಡಾಬ್ರಾ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಅದರ ನೆರೆಯ ಅಸಂಪ್ಶನ್ ದ್ವೀಪದ ವಿಚಾರದಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಅಲ್ಲಿ ಸೇನಾ ಸೌಲಭ್ಯ ಕಟ್ಟಲು ಭಾರತ 2018ರಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಹಿ ಹಾಕಿತು. ಸೇಶೆಲ್ಸ್‌ನಲ್ಲಿ ಜನ ಬೀದಿಗಿಳಿದರು, ವಿರೋಧ ಪಕ್ಷದ ಬಹುಮತವಿದ್ದ ಸಂಸತ್ತು ಅನುಮೋದಿಸಲಿಲ್ಲ. ಸಾರ್ವಭೌಮತ್ವದ ಜೊತೆಗೆ ಅಲ್ಡಾಬ್ರಾದ ಚಿಂತೆಯೂ ಆ ಕೂಗಿನಲ್ಲಿತ್ತು.

2020ರಲ್ಲಿ ತನ್ನ ಕಡಲಿನ ಶೇಕಡಾ 30ರಷ್ಟನ್ನು ಸೇಶೆಲ್ಸ್ ಸಂರಕ್ಷಿತವೆಂದು ಸಾರಿತು. ದೊಡ್ಡ ಕೆಲಸವೇ. ಆದರೆ ನನ್ನ ಕಣ್ಣು ಮತ್ತೆ ಮಾಹೆಯ ದಡಕ್ಕೇ ಹೋಗುತ್ತದೆ. ಅಲೆಯ ಹೊಡೆತವನ್ನು ಮೊದಲು ತಡೆಯುತ್ತಿದ್ದುದು ಹವಳ. 1998ರಲ್ಲಿ ನೀರು ಬಿಸಿಯಾಗಿ ಅಲ್ಲಿಯ ಹವಳದ ಬಹುಪಾಲು ಬಿಳುಚಿ ಸತ್ತಿತು. ತುಂಬಿ ಎತ್ತಿದ ನೆಲ ಕಡಲಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲ. ಅದರ ಮೇಲೆ ಮನೆ ಪಡೆದವರಿಗೆ ದಡದ ಎದುರಿಗಿರುವ ಹವಳವೂ ನಿವೇಶನದಷ್ಟೇ ಮುಖ್ಯ. ಭೂಬಳಕೆಯ ನಕ್ಷೆಯಲ್ಲಿ ಅದಕ್ಕೊಂದು ಬಣ್ಣ, ಅದಕ್ಕೊಬ್ಬ ಹೊಣೆಗಾರ ಇರಲೇಬೇಕು.

ನಮಸ್ಕಾರ.