ಉಕ್ಕಿನ ಬುಡದ ತೋಟೆಯನ್ನು ನಂಬಬಹುದೇ?

ಕೇಳುಗರಿಗೆ ನಮಸ್ಕಾರ. ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯ ಹಲವು ಕೃಷಿಕರ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇದೆ. ತೋಟೆ, ಅಂದರೆ ಕಾರ್ಟ್ರಿಡ್ಜ್, ಕೊಳ್ಳುವಾಗ ಸಂಶಯ ಬರುತ್ತದೆ. ಅಗ್ಗದ್ದು, ಬುಡಕ್ಕೆ ಉಕ್ಕು ಹಾಕಿದ್ದು, ನಂಬಬಹುದಾ?

ನಂಬಬಹುದು. ಆದರೆ ನಮ್ಮ ಕರಾವಳಿಯಲ್ಲಿ ಅದಕ್ಕೆ ಸ್ವಲ್ಪ ಜಾಸ್ತಿ ಆರೈಕೆ ಬೇಕು.

ಕುದುರೆ, ಅಂದರೆ ಟ್ರಿಗರ್, ಎಳೆದಾಗ ತೋಟೆಯೊಳಗಿನ ಮದ್ದು ಉರಿದು ಒತ್ತಡ ಏರುತ್ತದೆ. ತೋಟೆಯ ಕವಚ ಹಿಗ್ಗಿ, ಕೋವಿಯಲ್ಲಿ ಅದು ಕೂರುವ ಜಾಗದ ಗೋಡೆಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೇ ಅದು ಕುಗ್ಗಿ ಸಡಿಲವಾಗಬೇಕು. ರೈಫಲ್ ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಅದು ಚೆನ್ನಾಗಿ ಹಿಗ್ಗುತ್ತದೆ, ಚೆನ್ನಾಗಿ ಕುಗ್ಗುತ್ತದೆ. ಉಕ್ಕಿಗೆ ಆ ಗುಣ ಕಡಿಮೆ. ಸಂದಿನಲ್ಲಿ ಮಸಿ ನುಸುಳುತ್ತದೆ. ಮಸಿ ಕಟ್ಟಿದ ಮೇಲೆ ಖಾಲಿ ತೋಟೆ ಸಿಕ್ಕಿಕೊಳ್ಳುತ್ತದೆ. ಉಕ್ಕಿಗೆ ತುಕ್ಕು ಹಿಡಿಯದಂತೆ ಬಳಿದ ಲ್ಯಾಕರ್ ಎಂಬ ಲೇಪ ಕರಗಿ ಹೀಗಾಗುತ್ತದೆ ಎನ್ನುವವರಿದ್ದಾರೆ. ಹೆಚ್ಚಿನ ಸಲ ಕಾರಣ ಆ ಮಸಿಯೇ.

ಹಾಗಂತ ಉಕ್ಕು ಕೆಟ್ಟದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ತಾಮ್ರದ ಕೊರತೆಯಾದಾಗ ಜರ್ಮನಿ ಉಕ್ಕಿನ ತೋಟೆಯನ್ನೇ ನೆಚ್ಚಿತು. ಸೋವಿಯತ್ ಸೇನೆಯೂ ಎಕೆ 47ಕ್ಕೆ ಉಕ್ಕಿನದನ್ನು ಬಳಸಿತು. ಆ ತೋಟೆ ತುದಿಗೆ ಹೋದಂತೆ ಸಣ್ಣದಾಗುತ್ತದೆ. ಒಂಚೂರು ಹಿಂದೆ ಸರಿದರೆ ಸಾಕು, ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಹೊರಗೆಳೆಯುವ ಕೊಕ್ಕೆಯೂ ಗಟ್ಟಿ. ಅಮೆರಿಕದ ಎಆರ್ 15 ರೈಫಲಿನ ತೋಟೆ ಇನ್ನಷ್ಟು ನೇರ, ಹಾಗಾಗಿ ಅದೇ ಉಕ್ಕು ಅಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಸುಮ್ನೆ ಲೋಹವನ್ನು ದೂರಿ ಪ್ರಯೋಜನವಿಲ್ಲ, ಅಲ್ವಾ?

ನಮ್ಮ ಚರೆ ಕೋವಿಗೆ ಹಾಕುವ 12 ಬೋರ್ ತೋಟೆಯ ಕತೆ ಬೇರೆ. ಇದರ ಮೈ ಪ್ಲಾಸ್ಟಿಕ್. ಹಿಂದೆ ಕಾಗದದ್ದಿತ್ತು, ಮಳೆಗಾಲದಲ್ಲಿ ಉಬ್ಬಿ ಕೋವಿಯೊಳಗೆ ಕೂರುವುದೇ ಕಷ್ಟವಾಗುತ್ತಿತ್ತು. ಈಗ ಲೋಹ ಇರುವುದು ಬುಡದಲ್ಲಿ. ಹಳದಿ ಬಣ್ಣ ನೋಡಿ ಹಿತ್ತಾಳೆ ಅಂದುಕೊಳ್ಳಬೇಡಿ. ಬುಡಕ್ಕೆ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಒಳಗೆ ಉಕ್ಕಿದೆ. ಮೇಲಿನ ತೆಳು ಲೇಪ ಗೀರಿಹೋದಲ್ಲಿ ತುಕ್ಕು ಶುರುವಾಗುತ್ತದೆ. ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಜೊತೆಗೆ ಕಡಲಿನ ಉಪ್ಪು ಗಾಳಿ. ತುಕ್ಕು ಹಿಡಿದು ಒರಟಾದ ಬುಡ ಹಳೆಯ ಜೋಡಿ ನಳಿಗೆಯ ಕೋವಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.

ತೋಟೆಗೆ ಎಣ್ಣೆ ಹಚ್ಚುವ ಅಭ್ಯಾಸ ದಯವಿಟ್ಟು ಬಿಡಿ. ಮದ್ದಿಗೆ ಕಿಡಿ ಕೊಡುವ, ಬುಡದ ನಡುವಿನ ಕೇಪಿನೊಳಗೆ ಎಣ್ಣೆ ಇಳಿದರೆ ಮದ್ದು ಹೊತ್ತಿಕೊಳ್ಳದೇ ಹೋಗಬಹುದು. ಚರ್ಮದ ಬೆಲ್ಟಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹಿತ್ತಾಳೆಗೂ ಕಿಲುಬು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡಬ್ಬಿ ಬೀಗ ಹಾಕಿದ ಕಪಾಟಿನಲ್ಲಿರಲಿ, ಮಕ್ಕಳಿಗೆ ಸಿಗಬಾರದು.

ಕುದುರೆ ಎಳೆದರೂ ಸದ್ದು ಬರಲಿಲ್ಲವೇ? ಕೂಡಲೇ ಕೋವಿ ಬಿಚ್ಚಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಅಪಾಯವಿಲ್ಲದ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಟುಸ್ ಎಂದು ಸಣ್ಣ ಸದ್ದು ಬಂದರೆ ಇನ್ನೂ ಎಚ್ಚರ ಬೇಕು. ನಳಿಗೆಯೊಳಗೆ ಏನಾದರೂ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ತೋಟೆ ಹಾರಿಸಿದರೆ ನಳಿಗೆ ಸಿಡಿಯಬಹುದು. ತೋಟೆಯನ್ನೆಲ್ಲ ತೆಗೆದು, ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ.

ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿ ಮನೆಗೆ ಬಂದಾಗಲೂ ಅಷ್ಟೇ. ತೋಟೆ ಕೂರುವ ಜಾಗವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಆಮೇಲೆ ಬಳಸಿ. ನಮಸ್ಕಾರ.