ನಿಲ್ಲದ ಕರೋನಾ

ಕೇಳುಗರಿಗೆ ನಮಸ್ಕಾರ.

ಖಗ್ರಾಸ ಗ್ರಹಣದ ಹೊತ್ತಿನಲ್ಲಿ ಕಪ್ಪಾದ ಸೂರ್ಯಬಿಂಬದ ಸುತ್ತ ಬೆಳ್ಳಗೆ ಹರಡಿಕೊಳ್ಳುವ ಪ್ರಭೆಯನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಅದೇ ಕರೋನಾ. ಚಿತ್ರದಲ್ಲಿ ಅದು ಅಲುಗಾಡದೆ ನಿಂತಂತೆ ಕಾಣುತ್ತದೆ. ನಿಂತಿಲ್ಲ, ಹೊರಕ್ಕೆ ಹರಿಯುತ್ತಿದೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

ಸೌರಮಾರುತ ಎಂದೊಡನೆ ಹಲವರು ಸೂರ್ಯನ ಮೇಲಿನ ಸ್ಫೋಟವನ್ನು ನೆನೆಯುತ್ತಾರೆ. ಎಷ್ಟು ಸಲ ಹೇಳಿದರೂ ಈ ಕಲ್ಪನೆ ಹೋಗುವುದಿಲ್ಲ. ಸ್ಫೋಟ ಆಗೊಮ್ಮೆ ಈಗೊಮ್ಮೆ. ಸೌರಮಾರುತಕ್ಕೆ ಬಿಡುವೇ ಇಲ್ಲ. ಕರೋನಾ ಹರಿಯುವುದೇ ಸೌರಮಾರುತ.

1950ರ ದಶಕದಲ್ಲಿ ಎರಡು ವಾದಗಳಿದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಧೂಮಕೇತುಗಳ ಅಯಾನು ಬಾಲ, ಅಂದರೆ ವಿದ್ಯುದಾವೇಶವಿರುವ ಅನಿಲದ ಬಾಲ, ಸೂರ್ಯನಿಂದ ಆಚೆಗೇ ಚಾಚಿರುವುದನ್ನು ನೋಡಿ, ಸೂರ್ಯನಿಂದ ಕಣಗಳು ಸದಾ ಬರುತ್ತಿರಬೇಕು ಎಂದವರು ಜರ್ಮನಿಯ ಲುಡ್ವಿಗ್ ಬೀರ್ಮನ್. ಕರೋನಾ ಭೂಮಿಯಾಚೆಗೂ ಹಬ್ಬಿದೆ, ಆದರೆ ನಿಶ್ಚಲವಾಗಿದೆ ಎಂದವರು ಸಿಡ್ನಿ ಚಾಪ್ಮನ್. ಇಬ್ಬರೂ ಒಂದೇ ವಸ್ತುವಿನ ಮಾತನ್ನಾಡುತ್ತಿದ್ದಾರಲ್ಲ ಎಂದು ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್ ಲೆಕ್ಕಕ್ಕೆ ಕುಳಿತರು. ಕರೋನಾ ಎಂದರೆ ಪ್ಲಾಸ್ಮಾ, ವಿದ್ಯುದಾವೇಶದ ಕಣಗಳ ಬಿಸಿ ಅನಿಲ. ಹತ್ತು ಲಕ್ಷ ಡಿಗ್ರಿ ದಾಟಿದ ಈ ಪ್ಲಾಸ್ಮಾ ದೂರ ಹೋದರೂ ಬೇಗ ತಣ್ಣಗಾಗುವುದಿಲ್ಲ. ಅದನ್ನು ತಡೆದು ನಿಲ್ಲಿಸುವಷ್ಟು ಒತ್ತಡ ಹೊರಗಿಲ್ಲ. ಸೂರ್ಯನ ಸೆಳೆತವೂ ಸಡಿಲವಾಗುತ್ತಾ ಹೋಗುತ್ತದೆ. ಮತ್ತೆ ನಿಲ್ಲುವುದೆಂತು? ಹರಿಯಲೇಬೇಕು. ಮೊದಲು ನಿಧಾನವಾಗಿ, ಆಮೇಲೆ ಶಬ್ದದ ವೇಗವನ್ನೂ ಮೀರಿ.

1958ರಲ್ಲಿ ಈ ಲೆಕ್ಕದ ಲೇಖನ ಆಸ್ಟ್ರೋಫಿಸಿಕಲ್ ಜರ್ನಲ್‌ಗೆ ಹೋಯಿತು. ಪರಿಶೀಲಕರಿಬ್ಬರೂ ಬೇಡವೆಂದರು. ಒಬ್ಬರಂತೂ, ಬರೆಯುವ ಮೊದಲು ಗ್ರಂಥಾಲಯಕ್ಕೆ ಹೋಗಿ ಓದಿಕೊಳ್ಳಲಿ ಎಂದು ಷರಾ ಹಾಕಿದರು. ಸಂಪಾದಕರಾಗಿದ್ದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಲೆಕ್ಕದಲ್ಲಿ ಯಾರೂ ತಪ್ಪು ತೋರಿಸಿಲ್ಲವಲ್ಲ ಎಂಬುದು ಪಾರ್ಕರ್ ಅವರ ವಾದ. ಚಂದ್ರಶೇಖರರಿಗೂ ಆ ವಿಚಾರ ಹಿಡಿಸಿರಲಿಲ್ಲ. ಆದರೆ ಅವರಿಗೂ ತಪ್ಪು ಸಿಗಲಿಲ್ಲ. ಅಚ್ಚು ಹಾಕಿಸಿದರು! ತಮಗೇ ಒಪ್ಪಿಗೆಯಾಗದ ಲೇಖನವನ್ನು ಅಚ್ಚಿಗೆ ಕಳಿಸುವ ಎದೆಗಾರಿಕೆ ಎಷ್ಟು ಸಂಪಾದಕರಿಗಿದ್ದೀತು? 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಸೌರಮಾರುತವನ್ನು ಅಳೆಯಿತು. ಅದು ಬೀಸದ ದಿನವೇ ಇರಲಿಲ್ಲ.

ಈ ಕಥೆಗೆ ತೊಡಗಿದರೆ ನನಗೆ ಗಡಿಯಾರ ಕಾಣುವುದಿಲ್ಲ. ಉಳಿದದ್ದು ಚುಟುಕಾಗಿ. ಕಾಂತರೇಖೆಗಳು ಬಾಗಿ ಸೂರ್ಯನಿಗೇ ಮರಳುವ ಕಡೆ ಪ್ಲಾಸ್ಮಾ ಸಿಕ್ಕಿಕೊಳ್ಳುತ್ತದೆ. ಅವು ಬಾಹ್ಯಾಕಾಶಕ್ಕೆ ತೆರೆದುಕೊಂಡಿರುವ ಕರೋನಾ ರಂಧ್ರಗಳಿಂದ ವೇಗದ ಮಾರುತ ಹೊರಡುತ್ತದೆ, ಸೆಕೆಂಡಿಗೆ 700–800 ಕಿಲೋಮೀಟರ್. ನಿಧಾನದ್ದು 400ರ ಆಸುಪಾಸು. ಅದರ ಮೂಲದ ಬಗ್ಗೆ ನಮ್ಮವರ ಜಗಳ ಮುಗಿದಿಲ್ಲ. ಜಪಾನಿನ ಹಿನೋಡೆ ನೌಕೆಗೆ ಒಂದು ಸುಳಿವು ಸಿಕ್ಕಿದೆ. ಸೂರ್ಯನ ಕ್ರಿಯಾಶೀಲ ಪ್ರದೇಶಗಳ, ಅಂದರೆ ಕಾಂತಕ್ಷೇತ್ರ ಪ್ರಬಲವಾಗಿರುವ ಜಾಗಗಳ ಅಂಚಿನಲ್ಲಿ, ಹನ್ನೊಂದು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ರೋಹಿತ ರೇಖೆ, ಅದು ನಿರ್ದಿಷ್ಟ ತರಂಗಾಂತರದಲ್ಲಿ ಸೂಸುವ ಬೆಳಕಿನ ಗೆರೆ, ಗಿಡ್ಡ ತರಂಗಾಂತರದತ್ತ ಸರಿದಿತ್ತು. ಅಂದರೆ ಅಲ್ಲಿನ ಪ್ಲಾಸ್ಮಾ ನಮ್ಮ ಕಡೆಗೆ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುತ್ತಿತ್ತು. ನೋಡಿ, ಬುಡದಲ್ಲೇ ಹರಿವು!

2018ರಲ್ಲಿ ಪಾರ್ಕರ್ ಅವರ ಹೆಸರಿನ ನೌಕೆ ಹಾರಿದ್ದನ್ನು 91ರ ಪಾರ್ಕರ್ ಕಣ್ಣಾರೆ ಕಂಡರು. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಗೆ ಸುಮಾರು 61 ಲಕ್ಷ ಕಿಲೋಮೀಟರ್ ಹತ್ತಿರ ಹಾದುಹೋಯಿತು. ಅಲ್ಲಿ ಹರಿವು ಇನ್ನೂ ಪೂರ್ತಿ ವೇಗ ಹಿಡಿದಿರುವುದಿಲ್ಲ. ಶಾಖದ ನೂಕು ಎಷ್ಟು, ಕಾಂತಕ್ಷೇತ್ರದ ನೂಕು ಎಷ್ಟು ಎಂದು ಅಳೆಯುವುದಾದರೆ ಅಲ್ಲಿಯೇ ಅಳೆಯಬೇಕು. ನಮಸ್ಕಾರ.