ಬರುವವರು ಬೇರೆ, ಹಾಯುವವರು ಬೇರೆ

ನಮಸ್ಕಾರ. ಪುಣೆಯಿಂದ ಮಾತಾಡುತ್ತಿದ್ದೇನೆ. ಇವತ್ತು ಸ್ವಲ್ಪ ಕೋಪದಲ್ಲೇ ಕೂತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಹೋದ ವಾರ ನಮ್ಮ ಗಲ್ಲಿಯ ಕಥೆ ಹೇಳಿದ್ದೆ, ನೆನಪಿದೆಯಾ? ಕರ್ವೆ ರಸ್ತೆಯ ಹಿಂದಿನ ಗಲ್ಲಿ. ಬೆಳಿಗ್ಗೆ ಎಂಟೂವರೆಗೆ ಮುಖ್ಯ ರಸ್ತೆಯಲ್ಲಿ ಸಿಗ್ನಲ್ ಕೆಂಪಾದರೆ ಸಾಕು, ಬೈಕು, ಕಾರು, ಟೆಂಪೋ ಎಲ್ಲ ನಮ್ಮ ಮನೆ ಮುಂದೆ ನುಗ್ಗುತ್ತವೆ. ಕೆಳಗಿನ ಮನೆಯಲ್ಲಿ ಧಾರವಾಡದ ಅಜ್ಜಿ ಇದ್ದಾರೆ. ಹಾಲು ತರಲು ಹೊರಟವರಿಗೆ ಬೈಕಿನ ಕನ್ನಡಿ ತಾಗಿತು. ಬಿದ್ದರು. ಮೊಣಕೈ ಮೂಳೆ ಬಿರುಕು ಬಿಟ್ಟಿತು. ಬೈಕಿನವನು ತಿರುಗಿಯೂ ನೋಡಲಿಲ್ಲ.

ಈ ಗಲ್ಲಿಯಲ್ಲಿ ಹಾದುಹೋಗುವ ವಾಹನ ಬಂದ್ ಆಗಬೇಕು ಅಂತ ಹೇಳಿದ್ದಕ್ಕೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ರಸ್ತೆ ಏನು ನಿಮ್ಮಪ್ಪನದಾ? ಗಾಡಿ ಬೇಡ ಅಂದರೆ ಊರಿಗೆ ಹೋಗಿ ಇರಿ."

ರಸ್ತೆ ನಮ್ಮಪ್ಪನದಲ್ಲ ಸ್ವಾಮಿ, ಮಹಾನಗರಪಾಲಿಕೆಯದು. ಅದಕ್ಕೇ ನಾನು ಚೈನು ಕಟ್ಟಿ ಅನ್ನಲಿಲ್ಲ, ಕೇಳಿ ಅಂದೆ. ಮತ್ತು ಗಾಡಿ ಬೇಡ ಅಂತ ನಾನು ಎಲ್ಲಿ ಹೇಳಿದೆ? ಗಲ್ಲಿಗೆ ಬರುವವರು ಬೇರೆ, ಗಲ್ಲಿಯನ್ನು ಹಾಯುವವರು ಬೇರೆ. ಅಜ್ಜಿಯ ಮಗಳು ಕಾರಿನಲ್ಲಿ ಬರಲಿ. ಗ್ಯಾಸ್ ಸಿಲಿಂಡರ್ ಬರಲಿ, ರಿಕ್ಷಾ ಬರಲಿ, ಆಂಬುಲೆನ್ಸ್ ಬರಲಿ. ಅವರಿಗೆಲ್ಲ ಇಲ್ಲಿ ಕೆಲಸ ಇದೆ. ಎರಡು ನಿಮಿಷ ಉಳಿಸಲು ಅಜ್ಜಿಯ ಮೊಣಕೈ ಸವರಿಕೊಂಡು ಹೋಗುವವನಿಗೆ ಇಲ್ಲಿ ಏನು ಕೆಲಸ?

ಈಗ ಬಂದ್ ಮಾಡಿಸುವುದು ಹೇಗೆ ಅಂತ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಇದೆಯಲ್ಲ, ಅದರ 115ನೇ ಕಲಂ ನೋಡಿ. ಜನರ ಸುರಕ್ಷತೆಗೆ, ಅನುಕೂಲಕ್ಕೆ, ಅಥವಾ ರಸ್ತೆಯೇ ಅಂಥದ್ದು ಅನ್ನುವ ಕಾರಣಕ್ಕೆ ಒಂದು ರಸ್ತೆಯಲ್ಲಿ ವಾಹನ ಓಡಿಸುವುದನ್ನು ನಿಲ್ಲಿಸಬಹುದು, ಮಿತಿ ಹಾಕಬಹುದು. ಆ ಅಧಿಕಾರ ರಾಜ್ಯ ಸರ್ಕಾರದ್ದು, ಅದು ಅಧಿಕಾರ ಕೊಟ್ಟವರದ್ದು. ಪುಣೆಯಲ್ಲಿ ಈ ಆದೇಶಗಳು ಹೊರಡುವುದು ಸಂಚಾರ ಪೊಲೀಸ್ ಉಪಾಯುಕ್ತರ ಸಹಿಯಲ್ಲಿ. ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ, 'ಪ್ರಾಯೋಗಿಕ ತತ್ತ್ವಾವರ್', ಅಂದರೆ ಪ್ರಯೋಗವಾಗಿ, ಅಂತ ಬರುತ್ತದಲ್ಲ, ಅದೇ. ಮೊದಲು ಪ್ರಯೋಗ. ಜನರಿಂದ ಆಕ್ಷೇಪ, ಸಲಹೆ ಲಿಖಿತವಾಗಿ ಕೇಳುತ್ತಾರೆ. ಆಮೇಲೆ ಅಂತಿಮ ಆದೇಶ. ಇನ್ನೂ ಒಂದು ಮಾತು. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್‌ನಲ್ಲಿ ಹಾಕುವುದು ಕೂಡ ಬೇಕಿಲ್ಲ, ಸ್ಥಳದಲ್ಲಿ ಜನರಿಗೆ ತಿಳಿಸಿದರೆ ಸಾಕು ಅಂತ ಅದೇ ಕಲಮಿನಲ್ಲಿದೆ. ಅಂದರೆ ನೀವು ಕೇಳಬೇಕಾದದ್ದು ಶಾಶ್ವತ ಬಂದ್ ಅಲ್ಲ, ಒಂದು ತಿಂಗಳ ಪ್ರಯೋಗ. ಕೊಡುವವರಿಗೂ ಸುಲಭ, ನಿಮಗೂ ಸುಲಭ.

ಆದರೆ ಬರಿಗೈಯಲ್ಲಿ ಹೋಗಬೇಡಿ. 'ತುಂಬಾ ಟ್ರಾಫಿಕ್ ಸಾಹೇಬರೇ' ಅಂದರೆ ಇಡೀ ಪುಣೆಯೇ ಹಾಗೆ ಅನ್ನುತ್ತದೆ. ಎಣಿಸಿ. ನಾವು ಎಣಿಸಿದೆವು. ಗಲ್ಲಿಯ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು ಪೆನ್ನು ಹಾಳೆ ಹಿಡಿದು ನಿಲ್ಲಬೇಕು. ಒಳಗೆ ಬಂದ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ, ಗಂಟೆ, ನಿಮಿಷ. ಆಚೆ ತುದಿಯಲ್ಲೂ ಅದೇ. ಸಂಜೆ ಎರಡು ಹಾಳೆ ಪಕ್ಕ ಪಕ್ಕ ಇಟ್ಟು ನೋಡಿ. ಎರಡು ನಿಮಿಷದೊಳಗೆ ಆಚೆ ಕಡೆ ಕಾಣಿಸಿಕೊಂಡವನು ಹಾದುಹೋದವನು. ಕಾಣಿಸದವನು ನಿಮ್ಮ ಗಲ್ಲಿಗೇ ಬಂದವನು. ನಮ್ಮ ಹಾಳೆಯಲ್ಲಿ ಗಲ್ಲಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ನೋಡಿ ನನಗೇ ಹೊಟ್ಟೆ ಉರಿಯಿತು. ಬರುವವರು ಬೇರೆ, ಹಾಯುವವರು ಬೇರೆ ಅಂತ ನಾನು ಬಾಯಲ್ಲಿ ಹೇಳುತ್ತಿದ್ದದ್ದು ಹಾಳೆಯ ಮೇಲೆ ಹಾಗೇ ಕೂತಿತ್ತು!

ಆ ಹಾಳೆ, ಕೈಯಲ್ಲೇ ಬರೆದ ನಕ್ಷೆ, ಪ್ರತಿ ಮನೆಯ ಸಹಿ, ಇವಿಷ್ಟನ್ನೂ ಅರ್ಜಿಗೆ ಸೇರಿಸಿ ಸಂಚಾರ ಪೊಲೀಸ್ ಉಪಾಯುಕ್ತರಿಗೆ ಕೊಡಿ. ಬಾಡಿಗೆಯವರ ಸಹಿ ಬಿಡಬೇಡಿ. ಅಂಗಡಿಯವರದ್ದಂತೂ ಬಿಡಲೇಬೇಡಿ, ನಾಳೆ ಆಕ್ಷೇಪ ಬರುವುದು ಅಲ್ಲಿಂದಲೇ. ಅರ್ಜಿಯ ಇನ್ನೊಂದು ಪ್ರತಿ ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಕ್ಕೂ ಕೊಡಿ, ಗಾಡಿ ಹಾಯದ ಹಾಗೆ ಅಡ್ಡ ಕಂಬ ನೆಡುವವರು ಅವರೇ. ಕೊಟ್ಟ ಮೇಲೆ ಆವಕ್ ಶಿಕ್ಕಾ, ಅಂದರೆ ಅರ್ಜಿ ತಲುಪಿತು ಅನ್ನುವ ಮುದ್ರೆ, ಹಾಕಿಸಿಕೊಂಡೇ ಬನ್ನಿ. ಶಿಕ್ಕಾ ಇಲ್ಲದ ಅರ್ಜಿ ಯಾರ ಮೇಜಿನ ಮೇಲೂ ಇರುವುದಿಲ್ಲ.

ನಮ್ಮ ಕನ್ನಡದವರು ಎಡವುವುದು ಎಲ್ಲಿ ಗೊತ್ತಾ? ಮರಾಠಿಯಲ್ಲಿ ಬರೆಯಬೇಕಲ್ಲ ಅಂತ ಸುಮ್ನೆ ಕೂತುಬಿಡುತ್ತಾರೆ. ಇಪ್ಪತ್ತು ವರ್ಷದಿಂದ ತರಕಾರಿ ಮರಾಠಿಯಲ್ಲೇ ಕೊಳ್ಳುತ್ತಿದ್ದೀರಿ, ಮಕ್ಕಳು ಶಾಲೆಯಲ್ಲಿ ಓದುವುದು ಮರಾಠಿ. ಮಗಳ ಕೈಯಲ್ಲಿ ಬರೆಸಿ! ನಮ್ಮ ಅರ್ಜಿಯ ನಮೂನೆ, ಮರಾಠಿಯದ್ದು, ಪಕ್ಕದಲ್ಲಿ ಕನ್ನಡ ಅರ್ಥ ಸಮೇತ, ಈ ವಿಡಿಯೋದ ಕೆಳಗೆ ಹಾಕಿದ್ದೇನೆ. ತೆಗೆದುಕೊಳ್ಳಿ. ಹಾಗೇ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ. ಅರ್ಜಿ ಎಲ್ಲಿಗೆ ಬಂತು ಅಂತ ಪ್ರತಿ ಶನಿವಾರ ಹೇಳುತ್ತೇನೆ.

ಸರಿ, ಆಕ್ಷೇಪಗಳು. 'ಅಗ್ನಿಶಾಮಕ ಗಾಡಿ ಹೇಗೆ ಬರುತ್ತದೆ?' ಬೀಗ ತೆಗೆದು ಎತ್ತಿಡುವ ಕಂಬ ಬರುತ್ತದೆ, ಒಂದು ಬೀಗದ ಕೈ ಅಗ್ನಿಶಾಮಕ ಠಾಣೆಗೆ ಕೊಟ್ಟರಾಯಿತು. ಈಗ ಎರಡೂ ಕಡೆ ಕಾರು ನಿಂತು, ನಡುವೆ ಟೆಂಪೋ ಸಿಕ್ಕಿಕೊಂಡಾಗ ಹೇಗೆ ಬರುತ್ತದೆ ಅಂತ ಇವರು ಒಂದು ದಿನವಾದರೂ ಕೇಳಿದ್ದಾರಾ?

'ನಿಮ್ಮ ಗಲ್ಲಿ ಬಿಟ್ಟರೆ ಪಕ್ಕದ ಗಲ್ಲಿಗೆ ನುಗ್ಗುತ್ತಾರೆ.' ಇದು ನಿಜ, ಇದಕ್ಕೆ ಬೆಲೆ ಕೊಡುತ್ತೇನೆ. ಅದಕ್ಕೇ ಒಂದೇ ಗಲ್ಲಿಗೆ ಕೇಳಬೇಡಿ. ಅಕ್ಕಪಕ್ಕದ ನಾಲ್ಕೈದು ಗಲ್ಲಿಯವರು ಸೇರಿ ಕೇಳಿ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ಊರು 1977ರಲ್ಲಿ ಮಾಡಿದ್ದು ಇದನ್ನೇ. ಊರಿನ ನಡುಭಾಗವನ್ನು ನಾಲ್ಕು ಪಾಲು ಮಾಡಿದರು. ಯಾವ ಪಾಲಿಗೆ ಬೇಕಾದರೂ ಕಾರಲ್ಲಿ ಹೋಗಬಹುದು. ಒಂದರಿಂದ ಇನ್ನೊಂದಕ್ಕೆ ನೇರ ಹಾಯುವ ಹಾಗಿಲ್ಲ, ಹೊರಗಿನ ರಸ್ತೆಗೆ ಹೋಗಿ ಸುತ್ತಿ ಬರಬೇಕು. ನಡೆಯುವವರಿಗೆ, ಸೈಕಲ್‌ನವರಿಗೆ ಎಲ್ಲ ಕಡೆ ದಾರಿ. ಬರುವವರು ಬೇರೆ, ಹಾಯುವವರು ಬೇರೆ ಅನ್ನುವುದನ್ನು ಒಂದಿಡೀ ಊರೇ ಒಪ್ಪಿಕೊಂಡಿತು!

'ಅದು ಯುರೋಪ್, ನಮ್ಮ ಜನ ಕೇಳುವುದಿಲ್ಲ.' ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಲಕ್ಷ್ಮಿ ರಸ್ತೆ ಯುರೋಪಿನಲ್ಲಿದೆಯಾ? 2021ರಿಂದ ಡಿಸೆಂಬರ್ 11ಕ್ಕೆ ಪಾದಚಾರಿ ದಿನ ಅಂತ ನಗರ್ಕರ್ ತಾಲೀಮ್ ಚೌಕದಿಂದ ಗರುಡ ಗಣಪತಿ ಚೌಕದವರೆಗೆ ವಾಹನ ಓಡಾಟ ನಿಲ್ಲಿಸುತ್ತಾರೆ. ಪುಣೆಯಲ್ಲೇ ಜಾಸ್ತಿ ಗಿಜಿಗುಡುವ ರಸ್ತೆ ಅದು. ಮಕ್ಕಳು ರಸ್ತೆ ನಡುವೆ ಆಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ವಾರಾಂತ್ಯಕ್ಕೆ ವಾಹನ ಓಡಾಟ ನಿಲ್ಲಿಸಿದ್ದರು, ನಮ್ಮ ತಂಗಿ ಫೋಟೋ ಕಳಿಸಿದ್ದಳು. ನಮ್ಮ ಜನ ಕೇಳುತ್ತಾರೆ. ಕೇಳದವರು ಈ ಕಮೆಂಟ್ ಹಾಕುವವರು.

ಇನ್ನು ಚೈನು ಕಟ್ಟುವ ಸೊಸೈಟಿಗಳಿಗೂ ಹೇಳುತ್ತೇನೆ. ಸಾರ್ವಜನಿಕ ರಸ್ತೆಗೆ ನೀವೇ ಗೇಟು ಹಾಕಿ ವಾಚ್‌ಮನ್ ಕೂರಿಸಿದರೆ ಅದು ತಪ್ಪು. ಬರುವವರನ್ನೂ ತಡೆಯುತ್ತೀರಿ, ಸೈಕಲ್ ಹುಡುಗನನ್ನೂ ತಡೆಯುತ್ತೀರಿ. ನಿಮ್ಮಂಥವರಿಂದಲೇ ನ್ಯಾಯವಾಗಿ ಕೇಳುವವರಿಗೂ 'ನಿಮ್ಮಪ್ಪನ ರಸ್ತೆಯಾ' ಅನ್ನುವ ಬೈಗುಳ.

ಆಮೇಲೆ... ಇನ್ನೇನೋ ಬರೆದುಕೊಂಡಿದ್ದೆ. ಬಿಡಿ. ಅಜ್ಜಿ ನಿನ್ನೆ ಮೇಲೆ ಬಂದಿದ್ದರು, ಕೈಗೆ ಪಟ್ಟಿ ಕಟ್ಟಿಕೊಂಡೇ. ಅರ್ಜಿಗೆ ಎಡಗೈಯಲ್ಲಿ ಸಹಿ ಮಾಡಿದರು. ಇನ್ನು ಯಾರಾದರೂ ನನಗೆ ಎರಡು ನಿಮಿಷ ಉಳಿಯುತ್ತದೆ ಅಂತ ಹೇಳಿ ನೋಡೋಣ. ಬರುವವರು ಬೇರೆ, ಹಾಯುವವರು ಬೇರೆ! ಎಷ್ಟು ಸಲ ಹೇಳಬೇಕು?

ನಾಳೆ ಸಂಜೆ ಆರಕ್ಕೆ ಇನ್ನೊಂದು ಎಣಿಕೆ ಇದೆ. ಕರ್ವೆ ರಸ್ತೆ ಕಡೆಯ ತುದಿಯಲ್ಲಿ ನಾನು ನಿಲ್ಲುತ್ತೇನೆ. ಆಚೆ ತುದಿಗೆ ಒಬ್ಬರು ಬೇಕು. ಪೆನ್ನು ನಾನೇ ಕೊಡುತ್ತೇನೆ.